ಸಾಯುವವರ ಬಳಿ ಕೂತವರು

ದೊಡ್ಡಬಳ್ಳಾಪುರ ದಾಟಿದ ರೈಲು ಮಾಕಳಿದುರ್ಗದ ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಮಾರ್ಕಂಡೇಯ ತಪಸ್ಸು ಮಾಡಿದ್ದು ಈ ಬೆಟ್ಟದಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಹದಿನಾರಕ್ಕೇ ಸಾಯಬೇಕಿದ್ದ ಹುಡುಗ ಯಮನಿಂದ ಪಾರಾದ ಕಥೆ ಎಲ್ಲರಿಗೂ ಗೊತ್ತು. ಆದರೆ ಮಗನ ಆಯುಷ್ಯದ ಲೆಕ್ಕ ಮೊದಲೇ ತಿಳಿದಿದ್ದ ಮೃಕಂಡು ದಂಪತಿ ಅಷ್ಟು ವರ್ಷ ಹೇಗೆ ದಿನ ದೂಡಿದರು? ಆ ಮಾತನ್ನು ಕಥೆ ಹೇಳುವವರು ಬೇಗ ಮುಗಿಸಿಬಿಡುತ್ತಾರೆ.

ಸಾವಿಗೆ ಹತ್ತಿರವಾದವರನ್ನು ನೋಡಿಕೊಳ್ಳುವವರ ಪಾಡು ಸಾಮಾನ್ಯವಾಗಿ ಹೀಗೆ ಕಥೆಯ ಹೊರಗೇ ಉಳಿಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಜೈನರು. ಮುಪ್ಪು ಅಥವಾ ವಾಸಿಯಾಗದ ರೋಗ ಬಂದಾಗ ಕ್ರಮೇಣ ಆಹಾರ ಬಿಟ್ಟು ದೇಹ ತ್ಯಜಿಸುವ ವ್ರತ ಸಲ್ಲೇಖನ. ಹಾಗೆ ಮಲಗಿದ ಮುನಿಯ ಸೇವೆಗೆ ನಿಲ್ಲುವವರು ‘ನಿರ್ಯಾಪಕರು’. ಅಂಥವರು 48 ಮಂದಿ ಬೇಕು ಎನ್ನುತ್ತದೆ ಪ್ರಾಕೃತದ ‘ಭಗವತೀ ಆರಾಧನಾ’. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳಿಗೆ ತಳಹದಿ ಇದೇ ಗ್ರಂಥದ ಗಾಹೆಗಳು. ಮಗ್ಗುಲು ಬದಲಿಸಲು ಕೆಲವರು, ಧರ್ಮಕಥೆ ಹೇಳಲು ಕೆಲವರು, ಮಲಮೂತ್ರ ಎತ್ತಲು, ಬಾಗಿಲು ಕಾಯಲು, ರಾತ್ರಿ ಎಚ್ಚರವಿರಲು ಬೇರೆ ಬೇರೆಯವರು. ಎಂಥ ಕಷ್ಟಕಾಲದಲ್ಲೂ ಇಬ್ಬರಿಗೆ ಕಡಿಮೆ ಇರಕೂಡದು. ಒಬ್ಬನೇ ಆದರೆ ಒಂದೋ ತನ್ನನ್ನು ತಾನು ಮರೆಯುತ್ತಾನೆ, ಇಲ್ಲವೇ ರೋಗಿಯ ಕೈಬಿಡುತ್ತಾನೆ ಎಂಬುದು ಕಾರಣ. ಇದನ್ನು ಬರೆದವರು ರೋಗಿಯ ಪಕ್ಕದಲ್ಲಿ ರಾತ್ರಿ ಕಳೆದವರೇ ಇರಬೇಕು!

ವಿಚಿತ್ರವೆಂದರೆ, ನಾಡಿನ ಅತಿ ಪ್ರಸಿದ್ಧ ಶುಶ್ರೂಷಕ ಒಬ್ಬಂಟಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಭದ್ರಬಾಹುವಿನ ಕೊನೆಗಾಲದಲ್ಲಿ ಉಳಿದವನು ಚಂದ್ರಗುಪ್ತನೊಬ್ಬನೇ, ಉಳಿದ ಶಿಷ್ಯರೆಲ್ಲ ಮುಂದೆ ಸಾಗಿದರು ಎನ್ನುತ್ತದೆ ಪರಂಪರೆ. ಗುರು ತೀರಿಕೊಂಡ ಮೇಲೂ ಆತ ಬೆಟ್ಟ ಬಿಟ್ಟು ಇಳಿಯಲಿಲ್ಲವಂತೆ. ಗುರುಪಾದವನ್ನು ಪೂಜಿಸುತ್ತ ಅಲ್ಲೇ ಮುಡಿಪಿದ. ಇದನ್ನು ಭಕ್ತಿ ಎಂದು ಓದುವುದು ರೂಢಿ. ದುಃಖ ಎಂದೂ ಓದಬಹುದು.

ಆಧುನಿಕ ವೈದ್ಯಕೀಯ ಈ ಪ್ರಶ್ನೆಗೆ ಬಂದದ್ದು ತಡವಾಗಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ಜತೆ ಮನೆಯವರ ಸಂಕಟಕ್ಕೂ ಆರೈಕೆ ಬೇಕೆಂದರು. ಬೆಂಗಳೂರಿನಲ್ಲಿ 1994ರಲ್ಲಿ ಹಾಸ್ಪಿಸ್ ಟ್ರಸ್ಟ್ ಹುಟ್ಟಿತು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗಾಗಿ ಅದು ಕಟ್ಟಿದ ‘ಕರುಣಾಶ್ರಯ’ 1999ರಲ್ಲಿ ಬಾಗಿಲು ತೆರೆಯಿತು. ಚಿಕಿತ್ಸೆ ಉಚಿತ.

ಅಲ್ಲಿ ದಾದಿಯರಿಗೆ ಪಾಳಿ ಉಂಟು. ಮನೆಯಲ್ಲಿ ನೋಡಿಕೊಳ್ಳುವವರು ಬಹುಪಾಲು ಹೆಂಡತಿ, ಮಗಳು ಅಥವಾ ಸೊಸೆ. ಹಗಲೂ ಅವರದೇ, ರಾತ್ರಿಯೂ ಅವರದೇ. ಪಕ್ಕದ ಮನೆಯಾಕೆ ಬಂದು ‘ನೀನೊಂದು ಗಳಿಗೆ ಮಲಕ್ಕೋ, ನಾನು ಕೂತಿರ್ತೀನಿ’ ಎಂದರೆ, ಆಗ ಇಬ್ಬರಾಗುತ್ತಾರೆ.