ಬೆಳಗೊಳದ ಒಂದು ಹಣ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯೊಳಗೆ, ಒಂದು ಕನ್ನಡ ಶಾಸನವಿದೆ. ಶಕವರ್ಷ 1290, ಎಂದರೆ ಕ್ರಿ.ಶ. 1368ರದು, ವಿಜಯನಗರದ ಬುಕ್ಕರಾಯನ ಕಾಲದ್ದು. ನಾನು ಹಾಸನದಲ್ಲಿ ಪಾಠ ಹೇಳುತ್ತಿದ್ದಾಗ ಹೊಳೆನರಸೀಪುರ, ಅರಕಲಗೂಡುಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳನ್ನು ಈ ಶಾಸನದ ವಿಷಯ ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು: ಬುಕ್ಕರಾಯನು ಜೈನರಿಗೂ ವೈಷ್ಣವರಿಗೂ ಸಾಮರಸ್ಯವನ್ನುಂಟುಮಾಡಿದನು.

ಸುಳ್ಳೇನಲ್ಲ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನೆಂದು ಶಾಸನವೇ ಹೇಳುತ್ತದೆ. ಪಂಚಮಹಾವಾದ್ಯ, ಕಲಶಗಳು ಜೈನರಿಗೆ ಮೊದಲಿನಂತೆಯೇ ಸಲ್ಲತಕ್ಕವೆಂದು ವಿಧಿಸುತ್ತದೆ. ಆದರೆ ಭಕ್ತರು ಮಾಡುವ ಅನ್ಯಾಯಗಳನ್ನು ಜೈನರು ಅರಸನಲ್ಲಿ ಬಿನ್ನವಿಸಿಕೊಂಡರೆಂಬ ಮಾತು ಅದಕ್ಕೂ ಮೊದಲೇ ಬಂದಿರುತ್ತದೆ. ಮುಂದೆ ಬರುವುದು ಹಣದ ವಿಚಾರ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ತೆರಬೇಕು. ತಿರುಮಲೆಯ ತಾತಯ್ಯನವರು ಅದರಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿರಿಸಬೇಕು. ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ದೂರು ಯಾರ ಮೇಲೋ ಅವರೇ ಕಾವಲಿನ ಒಡೆಯರು, ವೆಚ್ಚ ದೂರಿತ್ತವರದು!

ಪಾಠ ದೊರೆಯದೆ ಆದ ಮರೆವಲ್ಲ ಇದು. ರೈಸ್ ಅವರು 1889ರಲ್ಲಿಯೇ ಬೆಳಗೊಳದ ಶಾಸನಗಳನ್ನು ಅಚ್ಚು ಹಾಕಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ 1923ರಲ್ಲಿ ಹೊರಬಂದಿತು. ಸ್ವಾತಂತ್ರ್ಯಾನಂತರದ ಪಠ್ಯಕಾರರಿಗೆ ಸಮನ್ವಯ ಬೇಕಾಗಿತ್ತು. ಆ ಹಂಬಲ ದೊಡ್ಡದೇ. ಆದರೂ ಅದು ಕೈ ಹಿಡಿದ ಚಿತ್ರವನ್ನು ಉಳಿಸಿಕೊಂಡು, ಹಣ ತೆತ್ತವರನ್ನು ಕೈಬಿಟ್ಟಿತು.

ಚರಿತ್ರೆಯೆಲ್ಲ ಮತಗಳ ಕಾದಾಟವೆಂದು ನಂಬಿದವರ ಓದು ಇದಕ್ಕಿಂತ ಲೇಸಾದುದೆಂದು ನನಗೆ ತೋರುವುದಿಲ್ಲ. ರಾಮಾನುಜರ ಪ್ರಭಾವದಿಂದ ವಿಷ್ಣುವರ್ಧನನು ಜೈನದ್ವೇಷಿಯಾದನೆಂಬ ಐತಿಹ್ಯ ಅವರಿಗೆ ಪ್ರಿಯ. ಅವನ ಪಟ್ಟದರಸಿ ಶಾಂತಲೆ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1133ರಲ್ಲಿ ಹಳೇಬೀಡಿನ ಬಸದಿಯ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರನ್ನಿಟ್ಟವನು ಅರಸನೇ. ಇಂಥವರು ಬುಕ್ಕನ ಶಾಸನದಲ್ಲಿ ಕಾಣುವುದು ಸೋತ ಜೈನರನ್ನು ಮಾತ್ರ.

ಅಲ್ಲಿ ಕಲ್ಲೆಹದ ಬುಸುವಿಸೆಟ್ಟಿಯೂ ಇದ್ದಾನೆ. ಅರಸನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು, ಜಿನಾಲಯದ ಜೀರ್ಣೋದ್ಧಾರ ಮಾಡಿಸಿದವನು ಈ ವರ್ತಕ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಮನೆಗೊಂದು ಹಣವೆಂಬುದು ಅನ್ಯಾಯದ ತೆರಿಗೆಯೋ, ಬದುಕಬಲ್ಲವನು ಕುದುರಿಸಿದ ಒಪ್ಪಂದವೋ? ಎರಡೂ ಇದ್ದೀತು. ನಾನು ಓದಿಸಿದ ಯಾವ ಪಠ್ಯಪುಸ್ತಕದಲ್ಲಿಯೂ ಈ ಸೆಟ್ಟಿಯ ಹೆಸರಿರಲಿಲ್ಲ.