ಅರಬ್ ಜನಸಮುದಾಯಗಳಲ್ಲಿ ಸ್ಥೂಲಕಾಯ ಮತ್ತು ಮಧುಮೇಹದ ಅಪಾಯಕಾರಕಗಳು

ಪಶ್ಚಿಮದ ಮಾರಿಟೇನಿಯಾ, ಮೊರೊಕ್ಕೊಗಳಿಂದ ಪೂರ್ವದ ಒಮಾನ್‌ವರೆಗೆ ಹರಡಿರುವ ಅರಬ್ ದೇಶಗಳು ಟೈಪ್-2 ಮಧುಮೇಹ ಅತಿ ದಟ್ಟವಾಗಿರುವ ಭೂಭಾಗಗಳಲ್ಲಿ ಸೇರಿವೆ. ಸ್ಥೂಲಕಾಯ, ಮೈ ದಣಿಯದ ಬದುಕು, ಸಕ್ಕರೆ ಮತ್ತು ಹಿಟ್ಟು ಹೆಚ್ಚಿರುವ ಊಟ, ಧೂಮಪಾನ, ಕುಟುಂಬದಲ್ಲಿ ಹರಿದುಬಂದ ಒಲವು ಇಲ್ಲಿನ ಮುಖ್ಯ ಅಪಾಯಕಾರಕಗಳು. ಈ ಪಿಡುಗು ತೈಲದ ಹಣದಿಂದ ಬಂದದ್ದೆಂಬ ವಿವರಣೆ ಜನಪ್ರಿಯವಾಗಿದೆ. ಕುವೈತ್, ಕತಾರ್‌ಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಆದರೆ ಅಷ್ಟು ತೈಲಸಂಪತ್ತಿಲ್ಲದ ಈಜಿಪ್ಟ್ ಮತ್ತು ಜೋರ್ಡಾನ್‌ಗಳಲ್ಲಿಯೂ ಸ್ಥೂಲಕಾಯ ಹೆಚ್ಚುಕಡಿಮೆ ಅಷ್ಟೇ ವ್ಯಾಪಕವಾಗಿದೆ. ಆದ್ದರಿಂದ ಇದನ್ನು ಸಿರಿವಂತಿಕೆಯ ಕಾಯಿಲೆ ಎನ್ನುವುದಕ್ಕಿಂತ ಅಗ್ಗದ ಕ್ಯಾಲೊರಿ ಮತ್ತು ನಡಿಗೆಯಿಲ್ಲದ ನಗರಬದುಕಿನ ಕಾಯಿಲೆ ಎನ್ನುವುದು ಹೆಚ್ಚು ಸರಿ.

ಹರವು

ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಟ್ಲಾಸ್ ಪ್ರಕಾರ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕ ವಲಯದಲ್ಲಿ 20ರಿಂದ 79 ವರ್ಷದೊಳಗಿನ 7.3 ಕೋಟಿ ಜನರಿಗೆ ಮಧುಮೇಹವಿತ್ತು. 2045ರ ಹೊತ್ತಿಗೆ ಇದು 13.6 ಕೋಟಿಗೆ ಏರಬಹುದೆಂದು ಅಂದಾಜು ಮಾಡಲಾಗಿದೆ. ಪತ್ರಿಕೆಗಳು ಈ ಅಂಕಿಗಳನ್ನು ಅರಬ್ಬರ ಲೆಕ್ಕವೆಂದು ಬರೆಯುವುದುಂಟು, ಅದು ತಪ್ಪು. ಒಕ್ಕೂಟದ ಈ ವಲಯದಲ್ಲಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳೂ ಸೇರಿವೆ. 7.3 ಕೋಟಿಯಲ್ಲಿ ಪಾಕಿಸ್ತಾನದ ಪಾಲೇ ಸುಮಾರು 3.3 ಕೋಟಿ. ಅರಬ್ ದೇಶಗಳನ್ನು ಬಿಡಿಯಾಗಿ ನೋಡಿದರೆ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಪ್ರಮಾಣ ಕುವೈತಿನಲ್ಲಿ ಸುಮಾರು ಶೇ. 25, ಈಜಿಪ್ಟಿನಲ್ಲಿ ಶೇ. 21, ಯೆಮೆನ್‌ನಲ್ಲಿ ಶೇ. 5ರ ಆಸುಪಾಸು. ಒಂದೇ ಭಾಷೆಯಾಡುವ, ಒಂದೇ ಪರ್ಯಾಯ ದ್ವೀಪದ ಎರಡು ದೇಶಗಳ ನಡುವೆಯೇ ನಾಲ್ಕೈದು ಪಟ್ಟು ಅಂತರವಿರುವಾಗ ‘ಅರಬ್ ಸರಾಸರಿ’ ಎಂಬುದಕ್ಕೆ ಹೆಚ್ಚು ಅರ್ಥವಿಲ್ಲ.

ಸ್ಥೂಲಕಾಯದ ಚಿತ್ರವೂ ಹೀಗೇ. ಕಿಲೋಗ್ರಾಮ್‌ನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಥೂಲಕಾಯವೆಂದು ಗಣನೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಲ್ಲಿ ಈ ಗಡಿ ದಾಟಿದ ವಯಸ್ಕರು ಕುವೈತಿನಲ್ಲಿ ಶೇ. 38ರಷ್ಟಿದ್ದರು. ಜೋರ್ಡಾನ್, ಸೌದಿ ಅರೇಬಿಯಾ, ಕತಾರ್ ಮೂರರಲ್ಲೂ ಪ್ರಮಾಣ ಶೇ. 35ರ ಸುತ್ತಮುತ್ತ, ಈಜಿಪ್ಟ್ ಮತ್ತು ಲೆಬನಾನ್‌ಗಳಲ್ಲಿ ಶೇ. 32. ಯೆಮೆನ್‌ನಲ್ಲಿ ಇದು ಶೇ. 17, ಅರಬ್ ಲೀಗಿನ ಮತ್ತೊಂದು ಸದಸ್ಯ ದೇಶ ಸೊಮಾಲಿಯಾದಲ್ಲಿ ಶೇ. 8ರಷ್ಟು ಮಾತ್ರ.

ಈ ಏರಿಕೆ ಹಳೆಯದಲ್ಲ. ಈಜಿಪ್ಟಿನಲ್ಲಿ 1990ರ ದಶಕದ ಆರಂಭದಲ್ಲಿ ಕೈರೋ ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಸಮೀಕ್ಷೆ ಇಂದಿಗೂ ಓದತಕ್ಕದ್ದು. ಅದರಲ್ಲಿ ಹಳ್ಳಿಗರ ಪೈಕಿ ಮಧುಮೇಹ ಶೇ. 4.9, ನಗರದ ಬಡವರಲ್ಲಿ ಶೇ. 13.5, ನಗರದ ಉಳ್ಳವರಲ್ಲಿ ಶೇ. 20. ಉಳ್ಳವರಲ್ಲಿ ಹೆಚ್ಚೆಂಬುದು ಎಲ್ಲರೂ ಗಮನಿಸಿದ ಅಂಶ. ಅದಕ್ಕಿಂತ ದೊಡ್ಡ ನೆಗೆತ ಇರುವುದು ಹಳ್ಳಿಯಿಂದ ನಗರದ ಬಡಕೇರಿಗೆ. ಕೈಯಲ್ಲಿ ಹಣವಿಲ್ಲದಿದ್ದರೂ ಹೊಲದ ದುಡಿಮೆ ಬಿಟ್ಟು ಪಟ್ಟಣ ಸೇರಿದ ಮಾತ್ರಕ್ಕೆ ಕಾಯಿಲೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು.

ಅಳತೆಗೋಲಿನ ತೊಡಕು

ಅರಬ್ ದೇಹಕ್ಕೆ ಯಾವ ಗಡಿರೇಖೆ ಸರಿ ಎಂಬುದರಲ್ಲಿ ಒಮ್ಮತವಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಕಾಣಿಸಿಕೊಳ್ಳುವುದರಿಂದ ಭಾರತದಲ್ಲಿ ವೈದ್ಯರು ಬಿಎಂಐ 23ರಿಂದಲೇ ಎಚ್ಚರಿಸುತ್ತಾರೆ. ಅರಬ್ ದೇಶಗಳಲ್ಲಿ ಯುರೋಪಿನ 25 ಮತ್ತು 30ರ ಗಡಿಗಳೇ ಬಳಕೆಯಲ್ಲಿವೆ. ಸೊಂಟದ ಸುತ್ತಳತೆಯ ವಿಷಯದಲ್ಲೂ ಹೀಗೇ ಆಯಿತು. 2005ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಚಯಾಪಚಯ ದೋಷಕೂಟಕ್ಕೆ, ಎಂದರೆ ಬೊಜ್ಜು, ರಕ್ತದೊತ್ತಡ, ಕೊಬ್ಬು, ಸಕ್ಕರೆ ಒಟ್ಟೊಟ್ಟಿಗೆ ಏರುವ ಸ್ಥಿತಿಗೆ, ಜನಾಂಗವಾರು ಗಡಿಗಳನ್ನು ಗೊತ್ತುಮಾಡಿತು. ಅರಬ್ಬರ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲವೆಂದು ಯುರೋಪಿನ ಗಂಡಸರ 94 ಸೆಂ.ಮೀ., ಹೆಂಗಸರ 80 ಸೆಂ.ಮೀ. ಗಡಿಯನ್ನೇ ಸದ್ಯಕ್ಕೆ ಬಳಸಿರೆಂದಿತು. ಆ ಬಳಿಕ ಒಮಾನ್, ಇರಾಕ್, ಸೌದಿಗಳಲ್ಲಿ ನಡೆದ ಸ್ಥಳೀಯ ಅಧ್ಯಯನಗಳು ಒಂದಕ್ಕೊಂದು ಹೊಂದದ ಅಂಕಿಗಳನ್ನು ಮುಂದಿಟ್ಟಿವೆ. ಹೆಂಗಸರ ಗಡಿ ಗಂಡಸರಿಗಿಂತ ಹೆಚ್ಚಿರಬೇಕೆಂದು ಸೂಚಿಸಿದವೂ ಅವುಗಳಲ್ಲಿವೆ.

ಇನ್ನೊಂದು ತೊಡಕು ಯಾರನ್ನು ಎಣಿಸುತ್ತಾರೆ ಎಂಬುದು. ಕತಾರ್ ಮತ್ತು ಯುಎಇಗಳಲ್ಲಿ ನಿವಾಸಿಗಳ ಪೈಕಿ ಹತ್ತರಲ್ಲಿ ಒಂಬತ್ತರಷ್ಟು ಮಂದಿ ಹೊರದೇಶದವರು. ಕೇರಳದವರು, ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು, ಪಾಕಿಸ್ತಾನ, ಬಾಂಗ್ಲಾದೇಶ, ಫಿಲಿಪ್ಪೀನ್ಸ್‌ನವರು ಇವರಲ್ಲಿ ಸೇರುತ್ತಾರೆ. ಬಂದವರಲ್ಲಿ ಬಹುಪಾಲು ದುಡಿಯುವ ವಯಸ್ಸಿನ ಗಂಡಸರು, ವೈದ್ಯಕೀಯ ತಪಾಸಣೆ ದಾಟಿಯೇ ವೀಸಾ ಪಡೆದವರು. ಇವರೆಲ್ಲ ಸೇರಿದ ರಾಷ್ಟ್ರೀಯ ಅಂಕಿಯಿಂದ ಸ್ಥಳೀಯ ಅರಬ್ ನಾಗರಿಕರ ಸ್ಥಿತಿ ತಿಳಿಯುವುದಿಲ್ಲ. ವಯೋಮಿತಿಯೂ ಫಲಿತಾಂಶವನ್ನು ಬದಲಿಸುತ್ತದೆ. ಸೌದಿಯಲ್ಲಿ 1995ರಿಂದ 2000ದವರೆಗೆ 30ರಿಂದ 70 ವರ್ಷದವರನ್ನು ಪರೀಕ್ಷಿಸಿದ ರಾಷ್ಟ್ರೀಯ ಅಧ್ಯಯನ ಶೇ. 23.7 ಮಧುಮೇಹ ತೋರಿಸಿದರೆ, 15 ವರ್ಷ ದಾಟಿದವರನ್ನೆಲ್ಲ ಒಳಗೊಂಡ 2013ರ ಸಮೀಕ್ಷೆ ಶೇ. 13.4 ತೋರಿಸಿತು. ಇದನ್ನು ನೋಡಿ ಕಾಯಿಲೆ ಇಳಿಯಿತೆಂದು ಹೇಳಲಾಗದು.

ಹೆಂಗಸರು ಮತ್ತು ಗಂಡಸರು

ಅರಬ್ ಜಗತ್ತಿನ ಸ್ಥೂಲಕಾಯದ ಎದ್ದುಕಾಣುವ ಲಕ್ಷಣ ಹೆಂಗಸರಲ್ಲಿ ಅದರ ದಟ್ಟಣೆ. 2016ರ ಅಂದಾಜಿನಲ್ಲಿ ಈಜಿಪ್ಟಿನ ಹೆಂಗಸರಲ್ಲಿ ಸುಮಾರು ಶೇ. 41, ಗಂಡಸರಲ್ಲಿ ಶೇ. 23. ಜೋರ್ಡಾನ್‌ನಲ್ಲಿ ಕ್ರಮವಾಗಿ ಶೇ. 43 ಮತ್ತು ಶೇ. 28. ಎಳೆಯ ವಯಸ್ಸಿನ ಮದುವೆ, ಹೆರಿಗೆಯಿಂದ ಹೆರಿಗೆಗೆ ಕರಗದೆ ಉಳಿಯುವ ತೂಕ, ಮನೆಯ ಹೊರಗೆ ಉದ್ಯೋಗ ಮಾಡುವವರ ಸಂಖ್ಯೆ ತೀರಾ ಕಡಿಮೆ ಇರುವುದು, ಬೀದಿಯಲ್ಲಿ ನಡೆಯಲು ಓಡಲು ಇರುವ ಸಂಕೋಚ ಮತ್ತು ಕಟ್ಟುಪಾಡುಗಳು ಇದಕ್ಕೆ ಕಾರಣ. ಸೌದಿಯ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ವ್ಯಾಯಾಮದ ತರಗತಿಗೆ ಅನುಮತಿ ಸಿಕ್ಕಿದ್ದು 2017ರಲ್ಲಿ. ಹೆಂಗಸರ ಜಿಮ್‌ಗಳಿಗೆ ಪರವಾನಗಿ ಕೊಡಲು ತೊಡಗಿದ್ದೂ ಅದೇ ವರ್ಷ. ಆ ಹೊತ್ತಿಗೆ ಒಂದು ಇಡೀ ಪೀಳಿಗೆ ಆಟದ ಮೈದಾನ ಕಾಣದೆ ನಡುವಯಸ್ಸಿಗೆ ಬಂದಿತ್ತು.

ಮಾರಿಟೇನಿಯಾದ ಮೂರ್ ಸಮುದಾಯದಲ್ಲಿ ಹೆಣ್ಣಿನ ಮೈತುಂಬಿದ ದೇಹ ಸೌಂದರ್ಯ ಮತ್ತು ಕುಟುಂಬದ ಅಂತಸ್ತಿನ ಗುರುತಾಗಿತ್ತು. ಮದುವೆಗೆ ಸಿದ್ಧಗೊಳಿಸಲು ಎಳೆಯ ಹುಡುಗಿಯರಿಗೆ ಬಟ್ಟಲುಗಟ್ಟಲೆ ಒಂಟೆ ಹಾಲು, ಹಸುವಿನ ಹಾಲು, ಧಾನ್ಯದ ಗಂಜಿಯನ್ನು ಒತ್ತಾಯದಿಂದ ಕುಡಿಸುವ ‘ಲೆಬ್ಲೂಹ್’ ಪದ್ಧತಿ ಅಲ್ಲಿತ್ತು. ಈಗ ಬಹಳ ಕಡಿಮೆಯಾಗಿದ್ದರೂ ಗ್ರಾಮಾಂತರದಲ್ಲಿ ಪೂರ್ತಿ ಅಳಿದಿಲ್ಲ.

ಆದರೆ ತೂಕ ಹೆಚ್ಚಿರುವವರಲ್ಲೇ ಮಧುಮೇಹ ಹೆಚ್ಚಿರಬೇಕೆಂಬ ಸರಳ ಲೆಕ್ಕ ಇಲ್ಲಿ ಸರಿಹೊಂದುವುದಿಲ್ಲ. ಮೇಲೆ ಹೇಳಿದ 1995-2000ರ ಸೌದಿ ಅಧ್ಯಯನದಲ್ಲಿ ಸ್ಥೂಲಕಾಯ ಹೆಂಗಸರಲ್ಲಿ ಶೇ. 44, ಗಂಡಸರಲ್ಲಿ ಶೇ. 26.4. ಅದೇ ಜನರಲ್ಲಿ ಮಧುಮೇಹ ಮಾತ್ರ ಹೆಂಗಸರಲ್ಲಿ ಶೇ. 21.5, ಗಂಡಸರಲ್ಲಿ ಶೇ. 26.2. ಗಂಡಸರ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಶೇಖರವಾಗುತ್ತದೆ, ಹೆಂಗಸರದು ತೊಡೆ ಮತ್ತು ನಿತಂಬಗಳಲ್ಲಿ. ಒಳಗೊಬ್ಬು ಇನ್ಸುಲಿನ್ ಕೆಲಸಕ್ಕೆ ಹೆಚ್ಚು ಅಡ್ಡಿ. ಜೊತೆಗೆ ಧೂಮಪಾನವಿದೆ. ಸಿಗರೇಟು ಸೇದುವವರಿಗೆ ಟೈಪ್-2 ಮಧುಮೇಹದ ಅಪಾಯ ಸೇದದವರಿಗಿಂತ ಶೇ. 30ರಿಂದ 40ರಷ್ಟು ಹೆಚ್ಚು, ಮತ್ತು ಜೋರ್ಡಾನ್‌ನಂಥ ದೇಶಗಳಲ್ಲಿ ವಯಸ್ಕ ಗಂಡಸರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ಸೇದುತ್ತಾರೆ. ಹಣ್ಣಿನ ಪರಿಮಳ ಬೆರೆಸಿದ ಹುಕ್ಕಾ ತಂಬಾಕು 1990ರ ದಶಕದಲ್ಲಿ ಜನಪ್ರಿಯವಾದ ಮೇಲೆ ಯುವತಿಯರೂ ಈ ಗುಂಪಿಗೆ ಸೇರಿದ್ದಾರೆ.

ಊಟ, ಬಿಸಿಲು, ಕಾರು

ಕೊಲ್ಲಿಯ ಕರಾವಳಿಯ ಹಿಂದಿನ ಊಟ ಮೀನು, ಖರ್ಜೂರ, ಹಾಲು, ಒಂದಿಷ್ಟು ಧಾನ್ಯ. ಮುತ್ತಿಗಾಗಿ ಮುಳುಗುವುದು, ಹಡಗು ನಡೆಸುವುದು, ಒಂಟೆ ಮೇಯಿಸುವುದು ಕಸುಬು. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಗೆ ಬಂದು ಮುತ್ತಿನ ವ್ಯಾಪಾರ ಕುಸಿಯಿತು. 1946ರಲ್ಲಿ ಕುವೈತಿನಿಂದ ಮೊದಲ ತೈಲ ರಫ್ತಾಯಿತು. ಒಂದೇ ಜೀವಿತಾವಧಿಯಲ್ಲಿ ಜನ ಹಸಿವಿನಿಂದ ಸಮೃದ್ಧಿಗೆ ದಾಟಿದರು. ಅಕ್ಕಿ, ಕುರಿಮಾಂಸ, ತುಪ್ಪದ ಮಜ್ಬೂಸ್ ಮತ್ತು ಕಬ್ಸಾ ಒಂದು ಕಾಲದಲ್ಲಿ ಅತಿಥಿ ಬಂದ ದಿನದ ಅಡುಗೆ, ಇಂದು ನಿತ್ಯದ್ದು. ದೊಡ್ಡ ಹರಿವಾಣದ ಸುತ್ತ ಕುಳಿತು ಹಂಚಿ ತಿನ್ನುವಾಗ ಯಾರು ಎಷ್ಟು ತಿಂದರೆಂಬ ಲೆಕ್ಕ ಸಿಗುವುದಿಲ್ಲ, ಆತಿಥ್ಯದ ಒತ್ತಾಯವೂ ಸೇರುತ್ತದೆ. ಪಥ್ಯ ಹೇಳುವ ವೈದ್ಯರಿಗೆ ಇದೇ ಮೊದಲ ಸವಾಲು.

ಸಾಂಪ್ರದಾಯಿಕ ಗಹ್ವಾ ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಏಲಕ್ಕಿ ಮಾತ್ರ. ಜೊತೆಗೆ ಒಂದೆರಡು ಖರ್ಜೂರ. ಹಣ್ಣು ಸಿಹಿಯಾದರೂ ಅದರ ನಾರಿನಿಂದಾಗಿ ಮಿತವಾಗಿ ತಿಂದರೆ ರಕ್ತದ ಸಕ್ಕರೆ ಥಟ್ಟನೆ ಏರುವುದಿಲ್ಲ. ಸಕ್ಕರೆ ನುಗ್ಗಿದ್ದು ಬೇರೆ ದಾರಿಗಳಿಂದ: ತಂಪು ಪಾನೀಯ, ಕುನಾಫ ಮತ್ತು ಪಾಕದಲ್ಲಿ ಅದ್ದಿದ ಲುಖೈಮಾತ್‌ನಂಥ ಸಿಹಿತಿಂಡಿ, ಮೊರೊಕ್ಕೊದ ಪುದೀನ ಚಹಾ. ಕೊಲ್ಲಿಯ ಬೀದಿಗಳಲ್ಲಿ ಕಾರಿನಿಂದ ಇಳಿಯದೆಯೇ ಕುಡಿಯುವ ಕರಕ್ ಚಹಾ ನಮ್ಮವರು ಒಯ್ದದ್ದು. ಗಟ್ಟಿ ಹಾಲು, ಧಾರಾಳ ಸಕ್ಕರೆಯ ಈ ಭಾರತೀಯ ಉಪಖಂಡದ ಚಹಾ ಈಗ ಅರಬ್ಬರದೇ ಆಗಿಹೋಗಿದೆ.

ಚಲನೆಯ ಕೊರತೆಯಲ್ಲಿ ಕುವೈತ್ 2018ರ ಹೊತ್ತಿಗೆ ಜಗತ್ತಿಗೇ ಮೊದಲಿತ್ತು. 2018ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ವಿಶ್ಲೇಷಣೆಯಲ್ಲಿ ಅಲ್ಲಿನ ವಯಸ್ಕರ ಪೈಕಿ ಶೇ. 67 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಸೌದಿಯಲ್ಲಿ ಇದು ಶೇ. 53, ಇರಾಕಿನಲ್ಲಿ ಶೇ. 52. ಸೋಮಾರಿತನವೆಂದು ಬೆರಳು ತೋರುವ ಮುನ್ನ ಹವೆಯನ್ನು ನೋಡಬೇಕು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ವರ್ಷದ ನಾಲ್ಕೈದು ತಿಂಗಳು ಹಗಲಲ್ಲಿ ನಡೆಯುವುದೇ ಅಪಾಯ. ಕಾಲುದಾರಿಯಿಲ್ಲದ, ಕಾರಿಗಾಗಿಯೇ ಕಟ್ಟಿದ ಊರುಗಳು, ಅಗ್ಗದ ಪೆಟ್ರೋಲು, ಮನೆಗೆಲಸಕ್ಕೆ ಹೊರದೇಶದ ಆಳುಗಳು ಉಳಿದದ್ದನ್ನು ಪೂರೈಸಿದವು.

ರಕ್ತಸಂಬಂಧ

ಅರಬ್ ದೇಶಗಳಲ್ಲಿ ರಕ್ತಸಂಬಂಧಿಗಳ ಮದುವೆ ವ್ಯಾಪಕ. ಹಲವು ದೇಶಗಳಲ್ಲಿ ಒಟ್ಟು ಮದುವೆಗಳ ಐದನೆಯ ಒಂದು ಭಾಗದಿಂದ ಅರ್ಧದವರೆಗೂ ಇಂಥವು. ಕರ್ನಾಟಕದ ಸೋದರಿಕೆಗಿಂತ ಇದರ ಕ್ರಮ ಬೇರೆ. ನಮ್ಮಲ್ಲಿ ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳು ವರಸೆಗೆ ಸಲ್ಲುತ್ತಾರೆ, ಅಲ್ಲಿ ಮೊದಲ ಆಯ್ಕೆ ನಾವು ಅಕ್ಕತಂಗಿಯೆಂದು ಕರೆಯುವ ಚಿಕ್ಕಪ್ಪ, ದೊಡ್ಡಪ್ಪನ ಮಗಳು. ಇಂಥ ಮದುವೆಗಳಿಂದ ಒಂದೇ ಜೀನಿನ ದೋಷದಿಂದ ಬರುವ ಅಪರೂಪದ ಕಾಯಿಲೆಗಳು ಹೆಚ್ಚುತ್ತವೆ. ಬಾಲ್ಯದಲ್ಲೇ ಬೊಜ್ಜು ಮತ್ತು ಕುರುಡುತನ ತರುವ ಬಾರ್ಡೆಟ್-ಬೀಡಲ್ ಸಿಂಡ್ರೋಮ್ ಕುವೈತಿನ ಬೆದುಯಿನ್‌ರಲ್ಲಿ ಸುಮಾರು 13,500ಕ್ಕೆ ಒಬ್ಬರಂತೆ ಕಂಡುಬಂದಿದೆ. ನವಜಾತ ಶಿಶುಗಳ ಮಧುಮೇಹಕ್ಕೆ ಕಾರಣವಾಗುವ ವೋಲ್ಕಾಟ್-ರ‍್ಯಾಲಿಸನ್ ಸಿಂಡ್ರೋಮ್ ಕೂಡ ಹೀಗೆಯೇ. ಟೈಪ್-2 ಮಧುಮೇಹ ಹತ್ತಾರು ಜೀನುಗಳು ಮತ್ತು ಬದುಕಿನ ರೀತಿ ಕೂಡಿ ಬರುವಂಥದ್ದು, ಅದರ ಹೊಣೆಯನ್ನು ರಕ್ತಸಂಬಂಧದ ಮದುವೆಯ ಮೇಲೆ ಹೊರಿಸಲು ಆಧಾರ ಗಟ್ಟಿಯಿಲ್ಲ.

ವಲಸೆ ಹೋದ ಅರಬ್ಬರಲ್ಲಿಯೂ ಅಪಾಯ ಉಳಿದಿದೆ. ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ಅಲ್ಲಿನ ಅರಬ್ ಗಂಡಸರಲ್ಲಿ ಶೇ. 20, ಹೆಂಗಸರಲ್ಲಿ ಶೇ. 15.5 ಮಧುಮೇಹ ಕಂಡಿತು. ಅಮೆರಿಕದ ರೀತಿನೀತಿಗೆ ಹೊಂದಿಕೊಂಡವರಿಗಿಂತ ಹೊಂದಿಕೊಳ್ಳದವರಲ್ಲೇ ಕಾಯಿಲೆ ಹೆಚ್ಚಿದ್ದದ್ದು ಅನಿರೀಕ್ಷಿತ ಫಲಿತಾಂಶ.

ರಂಜಾನ್

ಉಪವಾಸದ ತಿಂಗಳು ತೂಕ ಇಳಿಸುತ್ತದೆಂದು ಭಾವಿಸುವವರಿದ್ದಾರೆ. ಇಳಿದರೂ ಸ್ವಲ್ಪ, ಹಬ್ಬದ ನಂತರ ಅದು ಬಹುತೇಕ ಮರಳುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಹಗಲು ಸಕ್ಕರೆ ಕುಸಿಯುವ, ಸಂಜೆ ಉಪವಾಸ ಮುರಿಯುವ ಇಫ್ತಾರ್ ಬಳಿಕ ಏರುವ ಅಪಾಯವಿದೆ. ಕಾಯಿಲೆಯವರಿಗೆ ಧರ್ಮ ವಿನಾಯಿತಿ ಕೊಟ್ಟಿದ್ದರೂ, 2001ರಲ್ಲಿ 13 ದೇಶಗಳಲ್ಲಿ ನಡೆದ ಎಪಿಡಯಾರ್ ಅಧ್ಯಯನದಲ್ಲಿ ಟೈಪ್-2 ರೋಗಿಗಳ ಪೈಕಿ ಸುಮಾರು ಶೇ. 79 ಮಂದಿ ಕನಿಷ್ಠ 15 ದಿನ ಉಪವಾಸವಿದ್ದರು. ಬೇಡವೆಂದರೆ ಕೇಳುವವರಿಲ್ಲವೆಂದು ಅರಿತ ವೈದ್ಯರು ಈಗ ತಿಂಗಳಿಗೆ ಮೊದಲೇ ಔಷಧದ ಪ್ರಮಾಣ ಮತ್ತು ಹೊತ್ತನ್ನು ಹೊಂದಿಸುವ ಮಾರ್ಗಸೂಚಿ ಬಳಸುತ್ತಾರೆ.

ನಿಯಂತ್ರಣ ಕ್ರಮಗಳು

2017ರಲ್ಲಿ ಸೌದಿ ಅರೇಬಿಯಾ ಮತ್ತು ಯುಎಇ ತಂಪು ಪಾನೀಯಗಳ ಮೇಲೆ ಶೇ. 50, ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100 ಅಬಕಾರಿ ಸುಂಕ ವಿಧಿಸಿದವು. ಬಹ್ರೇನ್, ಕತಾರ್, ಒಮಾನ್ ಅನುಸರಿಸಿದವು. ಸೌದಿಯ ಹೋಟೆಲುಗಳು 2019ರಿಂದ ತಿಂಡಿಪಟ್ಟಿಯಲ್ಲಿ ಕ್ಯಾಲೊರಿ ಬರೆಯಬೇಕಾಯಿತು. ಕತಾರ್ 2012ರಿಂದ ಫೆಬ್ರವರಿಯ ಎರಡನೆಯ ಮಂಗಳವಾರವನ್ನು ಕ್ರೀಡಾದಿನವೆಂದು ರಜೆ ಕೊಟ್ಟು ಆಚರಿಸುತ್ತಿದೆ. ಕುವೈತಿನಲ್ಲಿ 2006ರಲ್ಲಿ ದಸ್ಮಾನ್ ಮಧುಮೇಹ ಸಂಸ್ಥೆ ಆರಂಭವಾಯಿತು. ಹೊಟ್ಟೆಯನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯೂ ಅಲ್ಲಿ ಸರ್ವೇಸಾಮಾನ್ಯ. ಈಜಿಪ್ಟ್ 2018-19ರಲ್ಲಿ ‘ಹತ್ತು ಕೋಟಿ ಆರೋಗ್ಯ’ ಅಭಿಯಾನ ನಡೆಸಿ, ಹೆಪಟೈಟಿಸ್-ಸಿ ಹುಡುಕುವ ನೆವದಲ್ಲೇ ಸುಮಾರು ಐದು ಕೋಟಿ ವಯಸ್ಕರ ಸಕ್ಕರೆ, ರಕ್ತದೊತ್ತಡ, ತೂಕವನ್ನೂ ಪರೀಕ್ಷಿಸಿತು. ಇವೆಲ್ಲದರಲ್ಲಿ ದೊಡ್ಡ ಕೆಲಸವೆಂದರೆ ಇದೇ.

ಅದೇ ಈಜಿಪ್ಟಿನಲ್ಲಿ ಸುಮಾರು ಏಳು ಕೋಟಿ ಜನರಿಗೆ ದಿನಕ್ಕೆ ತಲಾ ಐದರಂತೆ ‘ಐಶ್ ಬಲದಿ’ ರೊಟ್ಟಿ ಸಬ್ಸಿಡಿಯಲ್ಲಿ ಸಿಗುತ್ತದೆ, ರೇಷನ್ ಕಾರ್ಡಿಗೆ ಸಕ್ಕರೆ ಮತ್ತು ಎಣ್ಣೆಯೂ. ತರಕಾರಿ, ಹಣ್ಣು, ಬೇಳೆ ದುಬಾರಿಯಾದಾಗ ಬಡವರ ತಟ್ಟೆ ಸಹಜವಾಗಿ ಅಗ್ಗವಾದದ್ದರತ್ತ ವಾಲುತ್ತದೆ. ಕುಳ್ಳಗುಳಿದ ಮಗು ಮತ್ತು ಬೊಜ್ಜಿನ ತಾಯಿ ಒಂದೇ ಮನೆಯಲ್ಲಿ ಕಾಣಸಿಗಲು ಇದೂ ಒಂದು ಕಾರಣವೆಂದು ಪೌಷ್ಟಿಕತೆಯ ಸಂಶೋಧಕರು ಬರೆದಿದ್ದಾರೆ. ರೊಟ್ಟಿಯ ಬೆಲೆ ಮುಟ್ಟಲು ಸರ್ಕಾರಗಳು ಬಹುಕಾಲ ಹಿಂಜರಿದವು, ಏಕೆಂದರೆ 1977ರಲ್ಲಿ ಸಬ್ಸಿಡಿ ಕಡಿತ ಘೋಷಿಸಿದಾಗ ದೇಶವ್ಯಾಪಿ ದಂಗೆಯೆದ್ದು ಆದೇಶ ಹಿಂದಕ್ಕೆ ಪಡೆಯಬೇಕಾಗಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ಐದು ಪಿಯಾಸ್ಟರ್‌ನಲ್ಲಿ ನಿಂತಿದ್ದ ರೊಟ್ಟಿಯ ಬೆಲೆಯನ್ನು 2024ರ ಜೂನ್‌ನಲ್ಲಿ ಇಪ್ಪತ್ತಕ್ಕೆ ಏರಿಸಲಾಯಿತು. ಸರ್ಕಾರ ಕೊಟ್ಟ ಕಾರಣ ಖಜಾನೆಯ ಹೊರೆ.