ಕೋಲಾರದ ಬಂಡೆಗೆ ಕೊಟ್ಟ ಕಾವು

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಈ ಸಾಹಸವನ್ನು ನಾವೆಲ್ಲ ಹೆಮ್ಮೆಯಿಂದಲೇ ಹೇಳುತ್ತೇವೆ. ಆದರೆ ಅದೇ ಗಣಿಗೆ ವಿದ್ಯುತ್ತಿನೊಂದಿಗೆ ಇನ್ನೊಂದು ನಂಟೂ ಇದೆ. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

1980ರ ದಶಕದಲ್ಲಿ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಈ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ನೆಲದಿಂದ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಒಂದು ಕೋಣೆಯನ್ನು ಸಿದ್ಧಪಡಿಸಿದರು. ಬಂಡೆಯಲ್ಲಿ ರಂಧ್ರ ಕೊರೆದು ವಿದ್ಯುತ್ ಹೀಟರುಗಳನ್ನು ಇಳಿಸಿದರು. ಸುತ್ತಲ ಕಲ್ಲು ಎಷ್ಟು ಕಾಯುತ್ತದೆ, ಎಷ್ಟು ಹಿಗ್ಗುತ್ತದೆ, ಬಿರುಕು ಬಿಡುತ್ತದೆಯೇ ಎಂದು ಎಂಟು ವರ್ಷಗಳ ಕಾಲ ಅಳೆದರು. ಅಲ್ಲಿ ವಿಕಿರಣ ಸೂಸುವ ವಸ್ತು ಏನೂ ಇರಲಿಲ್ಲ. ಮುಂದೆಂದೋ ಅಣುತ್ಯಾಜ್ಯವನ್ನು ಆಳದಲ್ಲಿ ಹೂತಿಟ್ಟರೆ ಬಂಡೆ ಆ ಕಾವನ್ನು ತಾಳುತ್ತದೆಯೇ ಎಂದು ತಿಳಿಯಲು ನಡೆಸಿದ ತಾಲೀಮು ಅದು. ಫಲಿತಾಂಶಗಳು ವಿಜ್ಞಾನಿಗಳ ಇಂಗ್ಲಿಷ್ ಪ್ರಬಂಧಗಳಲ್ಲಿ ಬಂದವು. ಗಣಿ ಕಾರ್ಮಿಕರ ಮನೆಗಳಲ್ಲಿ ಆಡುತ್ತಿದ್ದ ಮಾತು ತಮಿಳು, ತೆಲುಗು, ಕನ್ನಡ, ಉರ್ದು.

ತ್ಯಾಜ್ಯಕ್ಕೆ ಕಾವೇಕೆ ಎಂದು ಓದುಗರು ಕೇಳಬಹುದು. ಒಲೆಯ ಬೆಂಕಿ ಆರಿಸಿದರೂ ಕೆಂಡ ಬಿಸಿಯಾಗಿರುವ ಹಾಗೆ ಅಣುಸ್ಥಾವರದ ಇಂಧನವೂ ಇರುತ್ತದೆ. ವ್ಯತ್ಯಾಸವೆಂದರೆ ಈ ಕೆಂಡಕ್ಕೆ ನೀರು ಹಾಕಿ ನಂದಿಸಲಾಗದು. ಸ್ಥಾವರ ನಿಲ್ಲಿಸಿದ ಕ್ಷಣದಲ್ಲಿ ಅದರ ಪೂರ್ಣ ಶಾಖದ ಶೇಕಡಾ 6ರಿಂದ 7ರಷ್ಟು ಹೊಮ್ಮುತ್ತಲೇ ಇರುತ್ತದೆ. ಒಂದು ದಿನದ ನಂತರವೂ ಸುಮಾರು ಅರ್ಧ ಶೇಕಡಾ ಉಳಿಯುತ್ತದೆ. 2011ರ ಮಾರ್ಚಿನಲ್ಲಿ ಜಪಾನಿನ ಫುಕುಷಿಮಾದಲ್ಲಿ ಸ್ಥಾವರಗಳು ನಿಂತ ಮೇಲೆಯೇ ಇಂಧನ ಕರಗಿದ್ದು ಈ ಕಾವಿನಿಂದ. ಆದ್ದರಿಂದಲೇ ಬಳಸಿದ ಇಂಧನವನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳಗಳಲ್ಲಿ ಇಡುತ್ತಾರೆ. ಭಾರತದಲ್ಲಿ ಅದನ್ನು ಸಂಸ್ಕರಿಸಿ ಪ್ಲುಟೋನಿಯಂ ಮತ್ತು ಯುರೇನಿಯಂ ಬೇರ್ಪಡಿಸುತ್ತಾರೆ. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನೊಳಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ. ಈ ಕೆಲಸ ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ನಡೆಯುತ್ತದೆ. ತಾರಾಪುರದ ದಾಸ್ತಾನಿನಲ್ಲಿ ಡಬ್ಬಿಗಳ ಕಾವನ್ನು ತಂತಾನೇ ಏಳುವ ಗಾಳಿಯೇ ಚಿಮಣಿಯ ಮೂಲಕ ಆಕಾಶಕ್ಕೆ ಒಯ್ಯುತ್ತದೆ.

ಹಾಗಾದರೆ ಈ ಶಾಖವನ್ನು ಪೋಲು ಮಾಡುವ ಬದಲು ಬಳಸಬಾರದೇ? ಪ್ರಶ್ನೆ ಸಹಜ, ಉತ್ತರ ಮಾತ್ರ ಉತ್ಸಾಹಕರವಲ್ಲ. ನಾಲ್ಕು ನೂರು ಕಿಲೋ ತೂಗುವ ಇಂಥ ಒಂದು ಗಾಜಿನ ಡಬ್ಬಿ ಹೊಸದಾಗಿದ್ದಾಗ ಕೊಡುವ ಶಾಖ ಒಂದೆರಡು ಕಿಲೋವಾಟ್. ಅಡುಗೆಮನೆಯ ಒಂದು ವಿದ್ಯುತ್ ಒಲೆಯಷ್ಟು. ಆ ಕಾವಿನ ಬಹುಪಾಲು ಸೀಸಿಯಂ ಮತ್ತು ಸ್ಟ್ರಾನ್ಷಿಯಂಗಳದ್ದು. ಸುಮಾರು ಮೂವತ್ತು ವರ್ಷಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಅಂಥ ಡಬ್ಬಿಯ ಬಳಿ ಕವಚವಿಲ್ಲದೆ ಕೆಲವು ನಿಮಿಷ ನಿಂತರೂ ಜೀವಕ್ಕೆ ಅಪಾಯ. ಈ ಒಲೆಯ ಮೇಲೆ ಅನ್ನ ಬೇಯಿಸುವವರು ಯಾರು?

ಬಳಸಿದ್ದೇ ಇಲ್ಲವೆಂದಲ್ಲ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂನ ಕಾವಿನಿಂದಲೇ ವಿದ್ಯುತ್ ಪಡೆದವು. 2023ರ ಚಂದ್ರಯಾನ-3ರ ನೋದಕ ಘಟಕದಲ್ಲಿಯೂ ತಲಾ ಒಂದು ವಾಟಿನ ಎರಡು ಪುಟ್ಟ ಅಣು ಹೀಟರುಗಳಿದ್ದವು. ತ್ಯಾಜ್ಯದಿಂದ ಬೇರ್ಪಡಿಸಿದ ಸೀಸಿಯಂ ಅನ್ನು ನಮ್ಮ ದೇಶದಲ್ಲೇ ರಕ್ತನಿಧಿಗಳ ವಿಕಿರಣ ಯಂತ್ರಗಳಿಗೆ ಕೊಡುತ್ತಿದ್ದಾರೆ. ಆದರೆ ಅಲ್ಲಿ ಬೇಕಾದದ್ದು ಅದರ ಕಿರಣವೇ ಹೊರತು ಕಾವಲ್ಲ. ನೆಲದ ಮೇಲೆ ಕಾವನ್ನು ದುಡಿಸಿಕೊಂಡದ್ದು ಸೋವಿಯತ್ ಒಕ್ಕೂಟ. ದೀಪಸ್ತಂಭಗಳಿಗೆ, ದುರ್ಗಮ ಜಾಗಗಳ ರೇಡಿಯೋ ಕೇಂದ್ರಗಳಿಗೆ ಸ್ಟ್ರಾನ್ಷಿಯಂನ ಜನರೇಟರುಗಳನ್ನು ನೂರಾರು ಸಂಖ್ಯೆಯಲ್ಲಿ ಇಟ್ಟಿತು. ಒಕ್ಕೂಟ ಒಡೆದ ಮೇಲೆ ಅವುಗಳಲ್ಲಿ ಎಷ್ಟೋ ಕಾಯುವವರಿಲ್ಲದೆ ಅನಾಥವಾದವು. 2001ರ ಡಿಸೆಂಬರಿನಲ್ಲಿ ಜಾರ್ಜಿಯಾದ ಲಿಯಾ ಎಂಬ ಹಳ್ಳಿಯ ಮೂವರು ಸೌದೆಗೆಂದು ಕಾಡಿಗೆ ಹೋದರು. ಸುತ್ತಲ ಹಿಮ ಕರಗಿದ್ದ ಜಾಗದಲ್ಲಿ ಬಿಸಿಬಿಸಿಯಾದ ಎರಡು ಲೋಹದ ಉಂಡೆಗಳು ಸಿಕ್ಕವು. ಚಳಿಯ ರಾತ್ರಿ, ಅವನ್ನು ಪಕ್ಕದಲ್ಲಿಟ್ಟುಕೊಂಡು ಮೈ ಕಾಯಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಮೂವರೂ ಹಾಸಿಗೆ ಹಿಡಿಯುವ ಸ್ಥಿತಿಯಲ್ಲಿದ್ದರು. ಒಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ನರಳಿ 2004ರಲ್ಲಿ ತೀರಿಕೊಂಡರು. ಇಟ್ಟವರ ರಾಜ್ಯವೇ ಅಳಿದಿತ್ತು, ಕಾವು ಉಳಿದಿತ್ತು.

ಕೋಲಾರಕ್ಕೆ ಮರಳೋಣ. ಅಲ್ಲಿಯವರಿಗೆ ಕಾವು ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕಾಲಿಟ್ಟ ಮೇಲೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಲ್ಲಿನ ಬಂಡೆಯ ಸಹಜ ಉಷ್ಣತೆಯೇ ಅರವತ್ತು ಡಿಗ್ರಿಗೂ ಹೆಚ್ಚು. ಆ ಬೇಗೆಯಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳು ದಲಿತರು. ಬಂಡೆ ಸಿಡಿದು ಸತ್ತವರೂ, ಧೂಳಿನಿಂದ ಶ್ವಾಸಕೋಶ ಕಳೆದುಕೊಂಡವರೂ ಅವರೇ. ಅದೇ ಆಳ ವಿಜ್ಞಾನಕ್ಕೆ ಇನ್ನೊಂದು ಉಪಕಾರವನ್ನೂ ಮಾಡಿದೆ: 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಮೊದಲು ಸಿಕ್ಕ ಜಾಗಗಳಲ್ಲಿ ಅದೂ ಒಂದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ಮಣ್ಣಿನ ಗುಡ್ಡಗಳು, ಮತ್ತು ಕೆಲಸವಿಲ್ಲದ ಸಾವಿರಾರು ಕುಟುಂಬಗಳು.

2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಅಣುತ್ಯಾಜ್ಯದ ಪ್ರಸ್ತಾಪ ಬಂದಾಗ ಕೋಲಾರದ ಗಣಿಯ ಹೆಸರು ಕೇಳಿಬಂತು. ಗಣಿ ಪಟ್ಟಣದ ಜನ ಬೀದಿಗಿಳಿದರು. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ವಿರೋಧ ವ್ಯಕ್ತಪಡಿಸಿದರು. ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರ ಸ್ಪಷ್ಟನೆ ಕೊಟ್ಟಿತು. ಸುದ್ದಿ ತಣ್ಣಗಾಯಿತು. 2013ರ ಮೇ 6ರ ತೀರ್ಪಿನಲ್ಲಿ ನ್ಯಾಯಾಲಯ, ಆಳದ ಶಾಶ್ವತ ದಾಸ್ತಾನೊಂದನ್ನು ಬೇಗ ಸ್ಥಾಪಿಸಬೇಕೆಂದು ಹೇಳಿತು. ಎಲ್ಲಿ ಎಂದು ಹೇಳಲಿಲ್ಲ.

ತಂಬ್ರಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ನಮಗೆ ಕೋಲಾರ ದೂರದ ಊರು. ಆದರೂ ಅಲ್ಲಿಯ ದಿಗಿಲು ಅರ್ಥವಾಗುತ್ತದೆ. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿಗೆ ಇಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. ದೇಶಕ್ಕೆ ನೀರು, ಬೆಳಕು ಬೇಕಿತ್ತು, ನಿಜ. ಆದರೆ ಹಿನ್ನೀರಿನಲ್ಲಿ ಹೋದ ಮನೆ, ಮಸೀದಿ, ಗುಡಿ, ಗೋರಿಗಳ ಲೆಕ್ಕ ಅಣೆಕಟ್ಟಿನ ಎತ್ತರದ ಲೆಕ್ಕದಷ್ಟು ಸುಲಭವಾಗಿ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಮಾತಿದೆ. ಒಬ್ಬರು ನಂಬಿ ಇಟ್ಟದ್ದನ್ನು ಇನ್ನೊಬ್ಬರು ಒಪ್ಪಿ ಕಾಯುವುದು. ಒಪ್ಪಿಗೆ ಕೇಳದೆ ಒಬ್ಬರ ಅಂಗಳದಲ್ಲಿ ಇಟ್ಟುಹೋದದ್ದನ್ನು ಆ ಹೆಸರಿನಿಂದ ಕರೆಯಲಾಗದು.

ಫಿನ್ಲೆಂಡಿನಲ್ಲಿ ಕೇಳಿಯೇ ಇಟ್ಟರು. ಅಲ್ಲಿನ ಕಾನೂನಿನಲ್ಲಿ ಸ್ಥಳೀಯ ಪುರಸಭೆಗೆ ಬೇಡವೆನ್ನುವ ಹಕ್ಕಿದೆ. 2000ದಲ್ಲಿ ಎವುರಯೋಕಿ ಎಂಬ ಪುರಸಭೆ ಒಪ್ಪಿಗೆ ಕೊಟ್ಟ ಮೇಲೆಯೇ, 2001ರಲ್ಲಿ ಸಂಸತ್ತು ಅನುಮೋದಿಸಿತು. ನಂತರವೇ ನಾಲ್ಕು ನೂರು ಮೀಟರಿಗೂ ಆಳದ ಓಂಕಲೋ ಸುರಂಗದ ಕೆಲಸ ಶುರುವಾಯಿತು. ನಮ್ಮ 1962ರ ಅಣುಶಕ್ತಿ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗಾಗಲಿ ನಗರಸಭೆಗಾಗಲಿ ಅಂಥ ಹಕ್ಕು ಇರಲಿಲ್ಲ. ಕಾಳಿ ನದಿಯ ದಂಡೆಯ ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರ ಇಳಿವಯಸ್ಸಿನ ಆ ಹಟವನ್ನು ಅಂದು ನಕ್ಕವರೂ ಇದ್ದರು. 2000ದಿಂದ 2011ರೊಳಗೆ ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಕೆಲಸ ಶುರುಮಾಡಿದವು. ಇನ್ನೆರಡು ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ನಡೆಯಿತು. ಕೋಲಾರದ ಗಣಿಯಲ್ಲಿ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದೆ. ಕೈಗಾದ ಕೊಳದಲ್ಲಿ ಬಳಸಿದ ಇಂಧನ ತಣ್ಣಗಾಗುತ್ತಿದೆ. ಅದರ ಕೊನೆಯ ಊರು ಯಾವುದೆಂದು ನಮ್ಮ ಜನಪ್ರತಿನಿಧಿಗಳಲ್ಲಿ ಯಾರು ಕೇಳಿದ್ದಾರೆ?